ರಂಗೂನಿನಲ್ಲಿ ಬಾಂಬು ಬಿದ್ದು ತೀರಿಕೊಂಡ ತಾತನ ಹೆಸರು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ತಾತನ ಅಣ್ಣ ಚಿಕ್ಕ ವಯಸ್ಸಿನಲ್ಲೇ ರಂಗೂನಿಗೆ ಕೂಲಿಗೆ ಹೋಗಿದ್ದರಂತೆ. ಯುದ್ಧದ ಕಾಲದಲ್ಲಿ ಅಲ್ಲಿ ಬಾಂಬು ಬಿದ್ದು ತೀರಿಕೊಂಡರು ಅಂತ ಮನೆಯಲ್ಲಿ ಹೇಳುತ್ತಾರೆ. ಒಂದು ಫೋಟೊ ಕೂಡ ಇಲ್ಲ. ಹೀಗೆ ಸತ್ತವರ ಪಟ್ಟಿ ಯಾವ ಸರ್ಕಾರದ ಹತ್ತಿರವಾದರೂ ಇದೆಯಾ? ಇಲ್ಲದಿದ್ದರೆ ಅವರ ಬಗ್ಗೆ ತಿಳಿದುಕೊಳ್ಳುವುದು ಹೇಗೆ?
ಓದುಗರೊಬ್ಬರು, ಮುಳಬಾಗಿಲು ತಾಲ್ಲೂಕು

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ದೊಡ್ಡತಾತನ ಹೆಸರು ಕಲ್ಲಿನ ಮೇಲೋ ಸರ್ಕಾರದ ಪುಸ್ತಕದಲ್ಲೋ ಸಿಗುವ ಸಾಧ್ಯತೆ ತುಂಬಾ ಕಡಿಮೆ. ರಂಗೂನಿನಲ್ಲಿ ಬಾಂಬಿಗೆ ಸಿಕ್ಕಿ ಸತ್ತ ಕೂಲಿಗಳ ಹೆಸರನ್ನು ಕೂತು ಬರೆದುಕೊಳ್ಳುವವರು ಆಗ ಯಾರೂ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಇಂಥ ಹುಡುಕಾಟದಲ್ಲಿ ಹಲವು ಮನೆಯವರ ಜೊತೆ ಓಡಾಡಿ ನಾನು ಕಲಿತದ್ದು ಇಷ್ಟು. ಅವರನ್ನು ಯುದ್ಧದಲ್ಲಿ ಸತ್ತವರ ನಡುವೆ ಹುಡುಕಬೇಡಿ, ದುಡಿದವರ ನಡುವೆ ಹುಡುಕಿ. ಸಾವು ಒಂದು ಬೆಳಗಿನದು. ದುಡಿಮೆ ಹತ್ತು ಹದಿನೈದು ವರ್ಷದ್ದು. ಏನಾದರೂ ಕಾಗದ ಉಳಿದಿದ್ದರೆ ಅದು ದುಡಿಮೆಯ ಕಡೆಯೇ ಉಳಿದಿರುತ್ತದೆ.

ಮೊದಲು ಅವರು ಹೋದದ್ದು ಹೇಗೆ ಅಂತ ನೋಡೋಣ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಕೆರೆ ತುಂಬಿದರೆ ಊಟ, ಇಲ್ಲದಿದ್ದರೆ ವಲಸೆ. ಕೆಜಿಎಫ್ ಗಣಿ ಹತ್ತಿರದಲ್ಲೇ ಇದ್ದರೂ ಎಲ್ಲರಿಗೂ ಅಲ್ಲಿ ಕೆಲಸ ಸಿಗುತ್ತಿರಲಿಲ್ಲ. ಗಡಿ ದಾಟಿದರೆ ಮದರಾಸು ಪ್ರಾಂತ್ಯ. ಆ ಕಡೆಯ ತೆಲುಗು, ತಮಿಳು ಜಿಲ್ಲೆಗಳಿಂದ ಲಕ್ಷಗಟ್ಟಲೆ ಜನ ರಂಗೂನು ಇರುವ ಬರ್ಮಾಕ್ಕೆ, ಅಂದರೆ ಈಗಿನ ಮ್ಯಾನ್ಮಾರ್‌ಗೆ, ಹೋಗುತ್ತಿದ್ದರು. ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ತೆಲುಗು ಮಾತಾಡುತ್ತಾರೆ, ನೆಂಟಸ್ತಿಕೆ ಚಿತ್ತೂರಿನ ಕಡೆಗಿದೆ. ಹಾಗಾಗಿ ಆ ದಾರಿಯಲ್ಲಿ ಇಲ್ಲಿಯವರೂ ಹೊರಟಿದ್ದರೆ ಆಶ್ಚರ್ಯವೇನಿಲ್ಲ.

ಕರೆದುಕೊಂಡು ಹೋಗುತ್ತಿದ್ದವನು ಮೇಸ್ತ್ರಿ. ಬರ್ಮಾದ ಕೂಲಿ ವ್ಯವಸ್ಥೆಗೆ 'ಮೇಸ್ತ್ರಿ ಪದ್ಧತಿ' ಅಂತಲೇ ಹೆಸರಿತ್ತು. ಅವನು ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಹಡಗಿನ ಟಿಕೆಟ್ ದುಡ್ಡೂ ಆ ಸಾಲಕ್ಕೇ ಸೇರುತ್ತಿತ್ತು. ಸಾಲ ತೀರುವ ತನಕ ಅವನ ಗುಂಪಿನಲ್ಲೇ ದುಡಿಯಬೇಕು. ಕೂಲಿ ಬರುವುದೂ ಅವನ ಕೈ ದಾಟಿಯೇ. ಅವನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇವರಿಗೆಲ್ಲ ಹೆಸರಿತ್ತು.

ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿ ರೈಲು ಹತ್ತಿದರೆ ಜೋಲಾರಪೇಟೆ ದಾಟಿ ಮದರಾಸು. ಅಲ್ಲಿಂದ ಹಡಗು. ಕೂಲಿಗಳು ಒಳಗಿನ ಕೋಣೆಗಳಲ್ಲಿ ಹೋಗುತ್ತಿರಲಿಲ್ಲ. ಡೆಕ್ ಮೇಲೆ ಚಾಪೆ ಹಾಸಿಕೊಂಡು ಮೂರು ನಾಲ್ಕು ದಿನ ಕಳೆಯಬೇಕಿತ್ತು.

ರಂಗೂನು ಆಗ ಅರ್ಧಕ್ಕಿಂತ ಜಾಸ್ತಿ ಭಾರತೀಯರ ಊರು. 1931ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 4 ಲಕ್ಷ. ಅದರಲ್ಲಿ 2 ಲಕ್ಷಕ್ಕೂ ಮಿಕ್ಕಿ ಭಾರತೀಯರು. ಇಡೀ ಬರ್ಮಾದಲ್ಲಿ ಸುಮಾರು 10 ಲಕ್ಷ. ಬಂದರಿನಲ್ಲಿ ಮೂಟೆ ಹೊರುವವರು, ಅಕ್ಕಿ ಗಿರಣಿಯವರು, ರಿಕ್ಷಾ ಎಳೆಯುವವರು, ಬೀದಿ ಗುಡಿಸುವವರು, ಮಲ ಹೊರುವವರು, ಹೆಚ್ಚಾಗಿ ಎಲ್ಲರೂ ನಮ್ಮವರೇ. ತೆಲುಗು ಮಾತಾಡುವ ಕೂಲಿಯನ್ನು ಅಲ್ಲಿ 'ಕೋರಂಗಿ' ಅನ್ನುತ್ತಿದ್ದರು. ಕಾಕಿನಾಡ ಹತ್ತಿರದ ಕೋರಂಗಿ ಅನ್ನುವ ಹಳೆಯ ಬಂದರಿನಿಂದ ಬಂದ ಹೆಸರದು. ಮೈಸೂರು ಸಂಸ್ಥಾನದ ಮುಳಬಾಗಿಲಿನಿಂದ ಹೋದವರೂ ತೆಲುಗು ಮಾತಾಡಿದರೆ ಕೋರಂಗಿಯೇ. ನಿಮ್ಮ ದೊಡ್ಡತಾತನ ಊರು, ಜಿಲ್ಲೆ, ಸಂಸ್ಥಾನ ಎಲ್ಲ ಆ ಒಂದು ಪದದೊಳಗೆ ಮುಳುಗಿಹೋಗಿರಬಹುದು.

ಇರುತ್ತಿದ್ದದ್ದು ಸಾಲು ಕೋಣೆಗಳಲ್ಲಿ. ಒಂದು ಕೋಣೆಗೆ ಲೆಕ್ಕಕ್ಕಿಂತ ಜಾಸ್ತಿ ಜನ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದವರು ಕಡಿಮೆ. ಮೂರು ನಾಲ್ಕು ವರ್ಷ ದುಡಿದು, ಸಾಲ ತೀರಿಸಿ, ಊರಿಗೆ ಬಂದು, ಮತ್ತೆ ಹೋಗುವುದು. ಊರಿನ ನಂಟು ಅಂದರೆ ಮನಿಯಾರ್ಡರ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆ ದಿನದ ವಿಷಯ. 1941ರ ಡಿಸೆಂಬರ್ 23, ಮಂಗಳವಾರ. ಜಪಾನ್ ಎರಡನೇ ಮಹಾಯುದ್ಧಕ್ಕೆ ಇಳಿದು ಎರಡು ವಾರವಾಗಿತ್ತು. ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಂದವು. ಅದು ಕೂಲಿಗಳು ಬಂದರಿನಲ್ಲಿ, ಬಯಲಿನಲ್ಲಿ ದುಡಿಯುತ್ತಿರುವ ಹೊತ್ತು. ಆ ಊರಿನವರು ಅದಕ್ಕೂ ಮುಂಚೆ ಬಾಂಬನ್ನು ಕಂಡವರಲ್ಲ. ಆಕಾಶದಲ್ಲಿ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದನ್ನು ನೋಡಲು ಜನ ಬೀದಿಗೆ ಬಂದು ನಿಂತರು. ಸುಮ್ನೆ ತಲೆ ಎತ್ತಿ ನೋಡುತ್ತಾ ನಿಂತವರ ಮಧ್ಯೆ ಬಾಂಬುಗಳು ಬಿದ್ದವು. ಚೂರು ಚೂರಾಗಿ ಸಿಡಿದು ಜನರನ್ನು ಕೊಲ್ಲುವುದಕ್ಕೆಂದೇ ಮಾಡಿದ ಸಣ್ಣ ಬಾಂಬುಗಳೂ ಅದರಲ್ಲಿದ್ದವು. ಅಲ್ಲಲ್ಲಿ ಕಂದಕ ತೋಡಿದ್ದರು. ಅದರೊಳಗೆ ಇಳಿದವರು ಕಡಿಮೆ. ಮರದ ಮನೆಗಳಿಗೆ ಬೆಂಕಿ ಹತ್ತಿಕೊಂಡಿತು. ಎರಡು ದಿನ ಬಿಟ್ಟು, ಕ್ರಿಸ್‌ಮಸ್ ದಿನ, ಮತ್ತೆ ದಾಳಿ ಆಯಿತು. ಸತ್ತವರು ಸಾವಿರಕ್ಕೂ ಹೆಚ್ಚು. ಎರಡು ಸಾವಿರ ಅನ್ನುವ ಲೆಕ್ಕವೂ ಇದೆ. ಅವರಲ್ಲಿ ಬಹಳ ಮಂದಿ ಭಾರತೀಯ ಕೂಲಿಗಳು.

ಲೆಕ್ಕದಲ್ಲಿ ಸಾವಿರದಷ್ಟು ವ್ಯತ್ಯಾಸ ಹೇಗೆ ಬರುತ್ತದೆ ಅಂತ ನೀವು ಕೇಳಬಹುದು. ನಿಮ್ಮ ಪ್ರಶ್ನೆಯ ಉತ್ತರ ಇರುವುದೇ ಅಲ್ಲಿ.

ಒಂದು ಊರಿನಲ್ಲಿ ಬಾಂಬಿಗೆ ಸತ್ತವರ ಹೆಸರು ಉಳಿಯಬೇಕಾದರೆ, ಸಾಯುವುದಕ್ಕೆ ಮುಂಚೆಯೇ ಅವರ ಹೆಸರು ಎಲ್ಲೋ ಬರೆದಿರಬೇಕು. ಲಂಡನ್ ನೋಡಿ. ಅಲ್ಲಿ 1940ರ ಸೆಪ್ಟೆಂಬರ್ 7ರಿಂದ ದಾಳಿ ಶುರುವಾಯಿತು. ಮೊದಲು ಏಟು ಬಿದ್ದದ್ದು ಬಂದರಿನ ಸುತ್ತ ಇದ್ದ ಬಡ ಕೂಲಿಕಾರರ ಕೇರಿಗಳಿಗೇ. ಆದರೆ ಅದಕ್ಕೂ ಒಂದು ವರ್ಷ ಮುಂಚೆ, 1939ರ ಸೆಪ್ಟೆಂಬರ್‌ನಲ್ಲೇ, ಬ್ರಿಟನ್ನಿನಲ್ಲಿ ಮನೆಮನೆಯ ಜನರ ಹೆಸರು ಬರೆದು ಗುರುತಿನ ಚೀಟಿ ಕೊಟ್ಟಿದ್ದರು. ಯಾವ ಬೀದಿ, ಎಷ್ಟನೇ ನಂಬರಿನ ಮನೆ, ಅದರಲ್ಲಿ ಯಾರ್ಯಾರು, ಎಲ್ಲ ಗೊತ್ತಿತ್ತು. ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಆಯೋಗವೊಂದು 1917ರಿಂದಲೂ ಇತ್ತು. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅದರ ಸ್ಥಾಪಕ ಫೇಬಿಯನ್ ವೇರ್, ಸಾಮಾನ್ಯ ಜನರ ಹೆಸರನ್ನೂ ಹೀಗೇ ಉಳಿಸಬೇಕು ಅಂತ ಪಟ್ಟು ಹಿಡಿದರು. ಅದರಿಂದ ಏಳು ಸಂಪುಟಗಳ ಪುಸ್ತಕವೊಂದು ಹುಟ್ಟಿತು. 60,000ಕ್ಕೂ ಹೆಚ್ಚು ಹೆಸರುಗಳಿರುವ ಆ ಸಂಪುಟಗಳು ಇವತ್ತಿಗೂ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿವೆ. ಹೆಸರು, ವಯಸ್ಸು, ಮನೆ ವಿಳಾಸ, ಯಾರ ಗಂಡ, ಯಾವ ಜಾಗದಲ್ಲಿ ಸತ್ತದ್ದು, ಒಬ್ಬೊಬ್ಬರಿಗೆ ಎರಡು ಮೂರು ಸಾಲು. ಬಟ್ಟೆ ಒಗೆಯುವವಳಿಗೂ ಎರಡು ಸಾಲು, ದೊಡ್ಡ ಮನೆಯವನಿಗೂ ಎರಡು ಸಾಲು. ನನಗೆ ಇದು ತುಂಬಾ ಒಳ್ಳೆಯ ಕೆಲಸ ಅನ್ನಿಸುತ್ತದೆ. ಅದೇ ಸಾಮ್ರಾಜ್ಯಕ್ಕೆ ಮೂಟೆ ಹೊತ್ತ ರಂಗೂನಿನ ಕೂಲಿಗೆ ಆ ಎರಡು ಸಾಲು ಸಿಗಲಿಲ್ಲವಲ್ಲ ಅಂತ ಅಷ್ಟೇ ಸಂಕಟವೂ ಆಗುತ್ತದೆ.

ರಂಗೂನಿನಲ್ಲಿ ಏನಾಯಿತು ಅಂದರೆ, ಬಾಂಬು ಬಿದ್ದ ಮಾರನೇ ದಿನದಿಂದಲೇ ಊರು ಖಾಲಿಯಾಗತೊಡಗಿತು. ಹೆಣ ಗುರುತಿಸಬೇಕಾದ ಜೊತೆಯವರೇ ಗಂಟು ಕಟ್ಟಿಕೊಂಡು ಉತ್ತರದ ಪ್ರೋಮ್ ಊರಿನ ರಸ್ತೆ ಹಿಡಿದಿದ್ದರು. ಬೀದಿ ಗುಡಿಸುವವರಿಲ್ಲ, ಹೆಣ ಎತ್ತುವವರಿಲ್ಲ. ಬಂದರಿನ ಕೆಲಸ ನಿಲ್ಲಬಾರದು ಅಂತ ಹೊರಟವರನ್ನು ಸಮಾಧಾನ ಮಾಡಿ ವಾಪಸ್ ಕರೆತರುವ ಪ್ರಯತ್ನವೂ ನಡೆಯಿತು. ಸಿಕ್ಕ ಹೆಣಗಳನ್ನು ಒಟ್ಟಿಗೆ ಮಣ್ಣು ಮಾಡಿದರು. ಸುಮಾರು ಹನ್ನೊಂದು ವಾರದಲ್ಲೇ, 1942ರ ಮಾರ್ಚ್ 8ರಂದು, ರಂಗೂನು ಜಪಾನಿನ ಕೈ ಸೇರಿತು. 1941ರಲ್ಲಿ ಬರ್ಮಾದಲ್ಲಿ ಹೊಸ ಜನಗಣತಿ ನಡೆದಿತ್ತು. ಅದರ ಕಾಗದಪತ್ರಗಳಲ್ಲಿ ಬಹುಪಾಲು ಯುದ್ಧದಲ್ಲಿ ನಾಶವಾದವು. ಯಾರು ಸತ್ತರು ಅನ್ನುವುದಿರಲಿ, ಯಾರ್ಯಾರು ಇದ್ದರು ಅನ್ನುವ ಲೆಕ್ಕವೂ ಉಳಿಯಲಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿತ್ತು. ನಿಮ್ಮ ದೊಡ್ಡತಾತ ಯಾರ ಪ್ರಜೆ? ಊರು ಮೈಸೂರು ಸಂಸ್ಥಾನದ್ದು, ಮಹಾರಾಜರ ಆಳ್ವಿಕೆ. ಹಡಗು ಹತ್ತಿದ್ದು ಮದರಾಸು ಪ್ರಾಂತ್ಯದಲ್ಲಿ, ಅದು ಬ್ರಿಟಿಷ್ ಇಂಡಿಯಾ. ದುಡಿದದ್ದು ಬರ್ಮಾದಲ್ಲಿ, ಅದು 1937ರ ಏಪ್ರಿಲ್ 1ರಿಂದ ಭಾರತದಿಂದ ಬೇರೆಯಾಗಿತ್ತು. ಮೂರು ಸರ್ಕಾರಗಳಲ್ಲಿ ಯಾವುದಕ್ಕೂ 'ಇವನು ನಮ್ಮವನು' ಅನ್ನುವ ಬಾಧ್ಯತೆ ಇರಲಿಲ್ಲ. ಯುದ್ಧದಲ್ಲಿ ಗಾಯಗೊಂಡ, ಸತ್ತ ಕೆಲಸಗಾರರಿಗೆ ಮಾಲೀಕರೇ ಪರಿಹಾರ ಕೊಡಬೇಕು, ಅದಕ್ಕೆ ವಿಮೆ ಮಾಡಿಸಬೇಕು ಅಂತ ಭಾರತದಲ್ಲಿ 1943ರಲ್ಲಿ ಒಂದು ಕಾಯ್ದೆ ಬಂತು. ಒಳ್ಳೆಯ ಕಾಯ್ದೆ. ಆದರೆ ಅಷ್ಟು ಹೊತ್ತಿಗೆ ರಂಗೂನು ಮುಗಿದುಹೋಗಿತ್ತು. ಇದ್ದಿದ್ದರೂ ಅದು ಬೇರೆ ದೇಶ.

ಸೈನಿಕರ ವಿಷಯ ಬೇರೆ. ರಂಗೂನಿನ ಹೊರಗೆ ತೌಕ್ಯಾನ್ ಅನ್ನುವ ಊರಲ್ಲಿ ಯುದ್ಧ ಸ್ಮಾರಕವಿದೆ. ಸಮಾಧಿ ಇಲ್ಲದ ಸುಮಾರು 27,000 ಸೈನಿಕರ ಹೆಸರು ಅಲ್ಲಿನ ಕಂಬಗಳ ಮೇಲಿದೆ. ಅವರಲ್ಲಿ ಭಾರತೀಯ ಸೈನಿಕರು ತುಂಬಾ ಮಂದಿ. ಅವರಿಗೆ ಸಲ್ಲಬೇಕಾದ ಗೌರವ ಅದು. ಅದೇ ಊರಿನ ಬಂದರಿನಲ್ಲಿ ಸತ್ತ ಮೂಟೆ ಕೂಲಿಗೆ ಅಲ್ಲಿ ಜಾಗವಿಲ್ಲ.

ಈ ಮಾತು ಬಂದಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ವೀರಗಲ್ಲುಗಳು ನೆನಪಾಗುತ್ತವೆ. ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಎಷ್ಟು ಕಲ್ಲು ನಿಂತಿವೆ ಅಲ್ವಾ? ಗಂಗರು, ನೊಳಂಬರು, ಚೋಳರ ಕಾಲದವು. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ, ತುರು ಬಿಡಿಸಿ ಸತ್ತವನ ಕಲ್ಲು. ಅವನು ರಾಜನಲ್ಲ, ಊರಿನವನು. ಸಾವಿರ ವರ್ಷದ ಹಿಂದೆ ಅವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದಕ್ಕೆ ಊರಿಗೆ ಪುರಸೊತ್ತಿತ್ತು.

ನಮ್ಮ ದೇಶದಲ್ಲೂ ದುಡಿಯುವವರ ಹೆಸರು ಉಳಿದ ಉದಾಹರಣೆ ಇದೆ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 9ರಂದು, ರಾಜಸ್ಥಾನದ ಗಡಿಯ ಗಡ್ರಾ ರೋಡ್ ಹತ್ತಿರ ಪಾಕಿಸ್ತಾನದ ವಿಮಾನ ದಾಳಿಗೆ 17 ಮಂದಿ ರೈಲ್ವೆ ಕೆಲಸಗಾರರು ಬಲಿಯಾದರು. ಗಡಿಗೆ ಸಾಮಾನು ಸಾಗಿಸುವ ಹಳಿಯನ್ನು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಸ್ಮಾರಕವಿದೆ. ಪ್ರತಿ ವರ್ಷ ಅದೇ ದಿನ ರೈಲ್ವೆ ನೌಕರರು ಸೇರಿ ಹೂವಿಡುತ್ತಾರೆ. ಅವರಿಗೆ ಹಾಜರಿ ಪುಸ್ತಕವಿತ್ತು, ಸಂಬಳದ ಪಟ್ಟಿ ಇತ್ತು, ಜೊತೆಗೆ ದುಡಿದವರ ಸಂಘವಿತ್ತು. ರಂಗೂನಿನ ಕೂಲಿಗೆ ಇದ್ದದ್ದು ಮೇಸ್ತ್ರಿಯ ನೋಟ್‌ಬುಕ್ ಮಾತ್ರ.

ಮನೆಯಲ್ಲಿ ಉಳಿದವರ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾನು ಚಿಕ್ಕವನಿದ್ದಾಗ ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಗಂಡ ರಂಗೂನಿಗೆ ಹೋದವರು. ಯುದ್ಧ ಮುಗಿದ ಮೇಲೆ ಅದೇ ಕಡೆಯಿಂದ ಬಂದ ಯಾರೋ, "ಬಂದರಿನಲ್ಲಿ ಬಾಂಬು ಬಿತ್ತು, ಅವನು ಆವತ್ತು ಅಲ್ಲೇ ಕೆಲಸಕ್ಕಿದ್ದ" ಅಂದರಂತೆ. ಹೆಣ ನೋಡಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಅಜ್ಜಿ ಕುಂಕುಮ ಅಳಿಸಲಿಲ್ಲ. ತಾಳಿ ತೆಗೆಯಲಿಲ್ಲ. ಮಗಳ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಅಪ್ಪನ ಹೆಸರಿನ ಹಿಂದೆ 'ಶ್ರೀ' ಹಾಕುವುದೋ 'ದಿವಂಗತ' ಹಾಕುವುದೋ ಅಂತ ಮನೆಯಲ್ಲಿ ದೊಡ್ಡ ಜಗಳವಾಯಿತಂತೆ. ಕೊನೆಗೆ ಅಜ್ಜಿಯ ಮಾತೇ ನಡೆದು 'ಶ್ರೀ' ಅಂತಲೇ ಅಚ್ಚಾಯಿತು. ಪಿತೃಪಕ್ಷದಲ್ಲಿ ಎಲ್ಲ ಹಿರಿಯರಿಗೂ ಎಡೆ ಇಡುತ್ತಿದ್ದರು, ಅವರಿಗೊಬ್ಬರಿಗೆ ಇಡುತ್ತಿರಲಿಲ್ಲ. ಇಟ್ಟರೆ ಸತ್ತರು ಅಂತ ಒಪ್ಪಿಕೊಂಡ ಹಾಗೆ.

ಅಜ್ಜಿ ತೀರಿಕೊಂಡ ಮೇಲೆ ಅವರ ಮಗ ಎರಡು ಎಕರೆ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋದರು. ಅದು ಅಪ್ಪನ ಹೆಸರಿನಲ್ಲೇ ಇತ್ತು. ಒಂದು ಕಚೇರಿಯಲ್ಲಿ "ಸತ್ತ ಸರ್ಟಿಫಿಕೇಟ್ ತನ್ನಿ" ಅಂದರು. ಎಲ್ಲಿಂದ ತರುವುದು? ಮೂರು ವರ್ಷ ಅಲೆದಾಡಿದರು. ಅವರ ಜೊತೆ ಒಂದೆರಡು ಸಲ ನಾನೂ ಹೋಗಿದ್ದೆ. ಈ ವಿಷಯದ ಮೇಲೆ ನನಗೆ ಕಣ್ಣು ಬಿದ್ದದ್ದೇ ಆಗ.

ಈಗ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ.

ಮನೆಯಿಂದ ಶುರು ಮಾಡಿ. ಹಳೆಯ ಟ್ರಂಕು, ದೇವರ ಗೂಡಿನ ಹಿಂದಿನ ಕಾಗದದ ಕಟ್ಟು, ಅಟ್ಟದ ಮೇಲಿನ ಡಬ್ಬ, ಒಂದನ್ನೂ ಬಿಡಬೇಡಿ. ಹುಡುಕಬೇಕಾದದ್ದು ಮನಿಯಾರ್ಡರ್ ಕೂಪನ್ನು. ದುಡ್ಡು ಕೊಟ್ಟಾಗ ಪೋಸ್ಟ್‌ಮ್ಯಾನ್ ಫಾರಮ್ಮಿನ ಕೆಳಗಿನ ಒಂದು ತುಂಡನ್ನು ಹರಿದು ಮನೆಯವರಿಗೆ ಕೊಡುತ್ತಿದ್ದ. ಕಳಿಸಿದವರ ಹೆಸರು, ವಿಳಾಸ ಅದರಲ್ಲಿರುತ್ತದೆ, ಎರಡು ಸಾಲು ಬರೆಯಲು ಜಾಗವೂ ಇರುತ್ತದೆ. ಓದು ಬರದವರು ಬೇರೆಯವರ ಕೈಲಿ ಬರೆಸುತ್ತಿದ್ದರು. ಹಾಗಾಗಿ ಅಕ್ಷರ ತೆಲುಗಿನಲ್ಲೋ ತಮಿಳಿನಲ್ಲೋ ಇದ್ದರೆ 'ಇದು ನಮ್ಮದಲ್ಲ' ಅಂತ ಪಕ್ಕಕ್ಕೆ ಇಡಬೇಡಿ. ವಿಳಾಸದಲ್ಲಿ ಗಿರಣಿಯ ಹೆಸರೋ, ಬೀದಿಯ ನಂಬರೋ, ಮೇಸ್ತ್ರಿಯ ಹೆಸರೋ ಇದ್ದರೆ ನಿಮ್ಮ ಕೈಗೆ ದೊಡ್ಡ ಸುಳಿವು ಸಿಕ್ಕ ಹಾಗೆ.

ಕಾಗದ, ಕಾರ್ಡು ಸಿಕ್ಕರೆ ಅಂಚೆಚೀಟಿ ನೋಡಿ. ಬರ್ಮಾ ಬೇರೆಯಾದ 1937ರಲ್ಲಿ ಭಾರತದ ಅಂಚೆಚೀಟಿಗಳ ಮೇಲೇ 'ಬರ್ಮಾ' ಅಂತ ಇಂಗ್ಲಿಷಿನಲ್ಲಿ ಅಚ್ಚು ಒತ್ತಿ ಮಾರಿದರು. ಮುಂದಿನ ವರ್ಷ ಅವರದ್ದೇ ಚೀಟಿಗಳು ಬಂದವು. ಬರ್ಮಾದಿಂದ ಬಂದ ಕಾರ್ಡಿನಲ್ಲಿ ಬರೀ ಭಾರತದ ಚೀಟಿ ಇದ್ದರೆ ಅದು ಅದಕ್ಕಿಂತ ಹಳೆಯದು ಅಂತ ಸುಮಾರಾಗಿ ಹೇಳಬಹುದು. ಅಂಚೆ ಠಸ್ಸೆಯ ದಿನಾಂಕ ಅಳಿಸಿಹೋಗಿದ್ದರೂ ಹೀಗೆ ಕಾಲ ಗುರುತಿಸಬಹುದು.

ಕೊನೆಯ ಕಾಗದ ಯಾವಾಗಿನದು ಅನ್ನುವುದು ಬಹಳ ಮುಖ್ಯ. ಯಾಕೆಂದರೆ 'ಬಾಂಬು ಬಿದ್ದು ಸತ್ತರು' ಅನ್ನುವ ಮಾತಿನ ಒಳಗೆ ಹಲವು ಸಾವುಗಳು ಸೇರಿಕೊಂಡಿರುತ್ತವೆ. 1941ರ ಡಿಸೆಂಬರ್ 23ಕ್ಕೆ ಮುಂಚೆ ರಂಗೂನಿನಲ್ಲಿ ಬಾಂಬು ಬಿದ್ದಿಲ್ಲ. ಆಮೇಲೆ ಆ ಚಳಿಗಾಲದಲ್ಲಿ ಹಲವು ಸಲ ಬಿತ್ತು. 1942ರ ಏಪ್ರಿಲ್ 3ರಂದು ಮಂಡಲೆಯ ಮೇಲೆ ಬಿದ್ದು ಊರೇ ಹೊತ್ತಿ ಉರಿಯಿತು. ರಂಗೂನಿನಿಂದ ತಪ್ಪಿಸಿಕೊಂಡು ಉತ್ತರಕ್ಕೆ ಹೋಗಿದ್ದ ಭಾರತೀಯರು ಅಲ್ಲಿ ತುಂಬಿದ್ದರು. ಇನ್ನೂ ಎಷ್ಟೋ ಮಂದಿ ಬಾಂಬಿನಿಂದ ಬದುಕಿ, ನಡೆದು ಬರುವ ದಾರಿಯಲ್ಲಿ ಸತ್ತರು. ಸುಮಾರು ನಾಲ್ಕೈದು ಲಕ್ಷ ಜನ ಕಾಡು, ಬೆಟ್ಟ ದಾಟಿ ಭಾರತಕ್ಕೆ ಬಂದರು. ಕಾಲರಾ, ಮಲೇರಿಯಾ, ಹಸಿವಿಗೆ ಸಿಕ್ಕಿ ಸತ್ತವರು ಹತ್ತಾರು ಸಾವಿರ. ಬಿಳಿಯರಿಗೆ ಒಳ್ಳೆಯ ದಾರಿ, ನಮ್ಮವರಿಗೆ ಕೆಟ್ಟ ದಾರಿ ಅನ್ನುವ ದೂರು ಆಗಲೇ ಎದ್ದಿತ್ತು, ಕಾಂಗ್ರೆಸ್ ಅದನ್ನು ಖಂಡಿಸಿತ್ತು. ಬರ್ಮಾದಲ್ಲೇ ಉಳಿದವರ ಮೇಲೆ 1945ರ ತನಕ ಬಾಂಬು ಹಾಕಿದ್ದು ಬ್ರಿಟಿಷರು, ಅಮೆರಿಕದವರು. ಹಾಗಾಗಿ ಯಾವ ಬಾಂಬು, ಯಾರ ಬಾಂಬು ಅನ್ನುವುದೂ ಆ ಕೊನೆಯ ದಿನಾಂಕದ ಮೇಲೇ ನಿಂತಿದೆ.

ಬರ್ಮಾ ಅಲ್ಲದೆ ಬೇರೆ ಊರಾಗಿದ್ದರೆ ಈ ದಿನಾಂಕಗಳನ್ನು ನೋಡಿ. ಕೊಲಂಬೊ 1942ರ ಏಪ್ರಿಲ್ 5. ವಿಶಾಖಪಟ್ಟಣ, ಕಾಕಿನಾಡ ಏಪ್ರಿಲ್ 6. ಕಲ್ಕತ್ತಾ 1942ರ ಡಿಸೆಂಬರ್‌ನಿಂದ. ಅಲ್ಲಿನ ಕಿಡ್ಡರ್‌ಪುರ ಬಂದರಿನ ಮೇಲೆ 1943ರ ಡಿಸೆಂಬರ್ 5ರಂದು ಹಾಡಹಗಲೇ ದಾಳಿ ನಡೆದು ನೂರಾರು ಬಂದರು ಕೂಲಿಗಳು ಸತ್ತರು.

ಇನ್ನು, ಸುದ್ದಿ ತಂದವರು ಯಾರು ಅಂತ ಮನೆಯ ಹಿರಿಯರನ್ನು ಕೇಳಿ. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುತ್ತಿರಲಿಲ್ಲ, ಒಂದು ಊರಿನ, ಅಕ್ಕಪಕ್ಕದ ಹಳ್ಳಿಗಳ ಗುಂಪನ್ನೇ ಒಯ್ಯುತ್ತಿದ್ದ. ಅವರಲ್ಲಿ ಯಾರಾದರೂ ಒಬ್ಬರು ನಡೆದು ವಾಪಸ್ ಬಂದಿರುತ್ತಾರೆ. ಅವರ ಮೊಮ್ಮಕ್ಕಳು ಪಕ್ಕದ ಊರಿನಲ್ಲೇ ಇರಬಹುದು. ನಿಮ್ಮ ಮನೆಯಲ್ಲಿ ಇಲ್ಲದ ಕಾಗದ ಅವರ ಮನೆಯಲ್ಲಿ ಇರಬಹುದು. ಗಂಡಸರಿಗಿಂತ ಮನೆಯ ಹೆಂಗಸರನ್ನು ಕೇಳಿ. ಯಾರ ಮದುವೆಯ ವರ್ಷ, ಯಾವ ಮಗು ಹೊಟ್ಟೆಯಲ್ಲಿದ್ದಾಗ, ಯಾವ ಬರದ ವರ್ಷ ಅಂತ ಅವರು ಕಾಲವನ್ನು ಬಹಳ ಸರಿಯಾಗಿ ಹಿಡಿದಿಟ್ಟಿರುತ್ತಾರೆ.

ಜಮೀನಿನ ಕಾಗದ ನೋಡಿ. ಮನೆಯಲ್ಲಿ ಒಂದು ಕುಂಟೆ ಭೂಮಿ ಇದ್ದಿದ್ದರೂ ನಿಮ್ಮ ದೊಡ್ಡತಾತ ಅದರ ಹಕ್ಕುದಾರರು. ಅವರ ಭಾಗ ಏನಾಯಿತು? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಖಾತೆ ಬದಲಾವಣೆಯ ಹಳೆಯ ಪುಸ್ತಕದ (ಮ್ಯುಟೇಶನ್) ನಕಲಿಗೆ ಅರ್ಜಿ ಹಾಕಿ. ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿದ್ದರೆ ಯಾವ ವರ್ಷ, ಯಾರ ಹೇಳಿಕೆಯ ಮೇಲೆ ಅಂತ ಅದರಲ್ಲಿ ಇರುತ್ತದೆ. 'ಪರಸ್ಥಳದಲ್ಲಿದ್ದಾರೆ' ಅನ್ನುವ ಒಂದು ಪದ ಬರೆದಿದ್ದರೂ ಅದು ಸರ್ಕಾರದ ಕಾಗದದಲ್ಲಿ ಅವರಿದ್ದರು ಅನ್ನುವುದಕ್ಕೆ ಸಾಕ್ಷಿ. ವಂಶವೃಕ್ಷ ಮಾಡಿಸುವಾಗ ಅವರ ಹೆಸರನ್ನು ಬಿಡಬೇಡಿ. ಮಕ್ಕಳಿಲ್ಲದವರು, ಮರಣ ಪತ್ರ ಇಲ್ಲದವರು ಅಂತ ಬಿಟ್ಟುಬಿಡುವುದನ್ನು ನಾನು ನೋಡಿದ್ದೇನೆ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತರು ಅಂತ ಭಾವಿಸಲು 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲೇ ದಾರಿ ಇತ್ತು. 2023ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ನಮ್ಮ ಬೀದಿಯ ಅಜ್ಜಿಯ ಮಗನಿಗೆ ಇದನ್ನು ಒಬ್ಬ ವಕೀಲರು ಹೇಳುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ನಿಮಗೂ ಜಮೀನಿನ ತೊಡಕಿದ್ದರೆ ಮೊದಲೇ ವಕೀಲರನ್ನು ಕೇಳಿ.

ಪತ್ರಾಗಾರಗಳು ಆಮೇಲೆ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳನ್ನು 'ಅಭಿಲೇಖ್ ಪಟಲ್' ಅನ್ನುವ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಬರ್ಮಾದಿಂದ ಬಂದ ನಿರಾಶ್ರಿತರ ಬಗ್ಗೆ ಅಲ್ಲಿ ಕಡತಗಳಿವೆ. ಮದರಾಸು ಪ್ರಾಂತ್ಯದ ಕಾಗದಗಳು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಮೈಸೂರು ಸಂಸ್ಥಾನದವು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಇಲ್ಲಿ ಹೆಸರು ಹಿಡಿದು ಹುಡುಕಿದರೆ ನಿರಾಶೆ ಆಗುತ್ತದೆ. ನಮ್ಮ ಕಡೆ ಮುನಿಯಪ್ಪ, ವೆಂಕಟಪ್ಪ, ನಾರಾಯಣಪ್ಪ ಎಷ್ಟು ಮಂದಿ ಇಲ್ಲ? ಇಂಗ್ಲಿಷಿನಲ್ಲಿ ಅದೇ ಹೆಸರನ್ನು ಹತ್ತು ಥರ ಬರೆದಿರುತ್ತಾರೆ. ಹಾಗಾಗಿ ಊರು, ಗಿರಣಿ, ಮೇಸ್ತ್ರಿ, ಹಡಗು, ವರ್ಷ, ಇವುಗಳಿಂದ ಹುಡುಕಿ. ಆ ಕಾಲದ ಪತ್ರಿಕೆ ಓದುವಾಗ ಒಂದು ಎಚ್ಚರ ಇರಲಿ. ಯುದ್ಧದ ಸುದ್ದಿಗೆ ಸರ್ಕಾರದ ಕತ್ತರಿ ಇತ್ತು. ಸತ್ತವರ ಸಂಖ್ಯೆಯನ್ನು ಅದರಲ್ಲಿ ಇದ್ದ ಹಾಗೆ ನಂಬಬೇಡಿ.

ಇನ್ನೊಂದು ಸಾಧ್ಯತೆ ಇದೆ. ನಿಮ್ಮ ದೊಡ್ಡತಾತ ಕೊನೆಯ ದಿನಗಳಲ್ಲಿ ಹಡಗಿನ ಖಲಾಸಿಯಾಗಿದ್ದರೆ, ಇಲ್ಲವೇ ಸೈನ್ಯದ ಪಯೋನಿಯರ್ ದಳದಲ್ಲಿ ರಸ್ತೆ ಕಡಿಯುವ ಕೂಲಿಗೆ ಸೇರಿದ್ದರೆ, ಪಟ್ಟಿಯಲ್ಲಿ ಇರಬಹುದು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಲು ದುಡ್ಡು ಬೇಕಿಲ್ಲ. ಮುಂಬಯಿ ಮತ್ತು ಚಿತ್ತಗಾಂಗ್ ಸ್ಮಾರಕಗಳ ಪುಸ್ತಕದಲ್ಲಿ ಸುಮಾರು 6,000 ಭಾರತೀಯ ಹಡಗು ಕೆಲಸಗಾರರ ಹೆಸರಿದೆ. ಮನೆಯಲ್ಲಿ 'ಮಿಲಿಟರಿಗೆ ಸೇರಿದ್ದರಂತೆ' ಅನ್ನುವ ಗುಸುಗುಸು ಮಾತಿದ್ದರೂ ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಸಾವಿನ ದಿನ ಸಿಗದೇ ಇರಬಹುದು. ಸಿಗುವುದು ಬೇರೆ ವಿಷಯಗಳು. ಯಾವ ವರ್ಷ ಹೋದರು, ಯಾವ ಬೀದಿಯಲ್ಲಿದ್ದರು, ತಿಂಗಳಿಗೆ ಎಷ್ಟು ರೂಪಾಯಿ ಕಳಿಸುತ್ತಿದ್ದರು, ಯಾವ ತಿಂಗಳು ಕಳಿಸಲು ಆಗಲಿಲ್ಲ. ನಾನು ಹೇಳಿದ ಅಜ್ಜಿಯ ಮನೆಯಲ್ಲಿ ಕೊನೆಗೆ ಸಿಕ್ಕಿದ್ದು ಒಂದೇ ಒಂದು ಕೂಪನ್ನು. ಐದು ರೂಪಾಯಿ. ಹಿಂದುಗಡೆ ತೆಲುಗಿನಲ್ಲಿ ಒಂದೂವರೆ ಸಾಲು: ಪಾಪುವಿಗೆ ಅಂಗಿ ತೆಗೆಸು, ಎಮ್ಮೆ ಮಾರಬೇಡ. ಆ ಪಾಪುವಿಗೆ ಆಗ ಅರವತ್ತು ವರ್ಷ. ಅವರು ಆ ಕಾಗದವನ್ನು ಓದಿಸಿಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೂ ಒಂದು ಎಡೆ ಇಟ್ಟರು.

ನಿಮ್ಮ ಮನೆಯ ಟ್ರಂಕು ತೆಗೆದಾಗ ಕಾಗದಗಳ ಹಿಂಬದಿಯನ್ನೂ ತಿರುಗಿಸಿ ನೋಡಿ.